ಶೀಲ್ಡ್ ಮೇಲೆ ಏನ್ ಬರೆಸೋದು ಡಾಕ್ಟ್ರೇ?

ಹೋದ ವಾರ ಒಬ್ರು ಫೋನ್ ಮಾಡಿದ್ರು. ಡ್ರಗ್ಸ್ ಚುಚ್ಕೊಳ್ಳೋರಿಗೆ ಹೊಸ ಸೂಜಿ, ಮಾತ್ರೆ ಕೊಡೋ ನಮ್ಮ ಸೆಂಟರ್‌ನ ನರ್ಸ್ ಸಿಸ್ಟರ್ ರಿಟೈರ್ ಆಗ್ತಿದಾರೆ, ಅವ್ರಿಗೆ ಸನ್ಮಾನ ಇಟ್ಕೊಂಡಿದಾರಂತೆ. "ಎಷ್ಟು ಜನಕ್ಕೆ ಚಟ ಬಿಡಿಸಿದಾರೆ ಅಂತ ಒಂದು ನಂಬರ್ ಕೊಡಿ ಡಾಕ್ಟ್ರೇ, ಶೀಲ್ಡ್ ಮೇಲೆ ಹಾಕಿಸ್ಬೇಕು." ಪೊಲೀಸ್‌ನೋರೂ ಇದನ್ನೇ ಕೇಳ್ತಾರೆ, ಹುಡುಗ್ರ ಅಪ್ಪ ಅಮ್ಮನೂ ಕೇಳ್ತಾರೆ, ಓದಿಕೊಂಡಿರೋ ಡಾಕ್ಟ್ರುಗಳೂ ಕೇಳ್ತಾರೆ. ಅದ್ರ ಬಾಲ ಹಿಡ್ಕೊಂಡೇ ಇನ್ನೊಂದು, ಸೂಜಿ ನೀವೇ ಕೊಟ್ರೆ ಚಟ ಜಾಸ್ತಿ ಆಗಲ್ವಾ?

ಆಗಲ್ಲ ರೀ. ನಮ್ಮ ಹತ್ರ ಬರೋನು ಆಗ್ಲೇ ಚುಚ್ಕೊಳ್ತಿರೋನು, ಇವತ್ತು ಸಂಜೆನೂ ಚುಚ್ಕೊಳ್ತಾನೆ, ಹೊಸ ಸಿರಿಂಜಲ್ಲೋ ಪಕ್ಕದೋನ ಸಿರಿಂಜಲ್ಲೋ ಅನ್ನೋದಷ್ಟೇ ಪ್ರಶ್ನೆ. ಬಳಸಿದ ಸಿರಿಂಜನ್ನ ಪೂರ್ತಿ ಒತ್ತಿದ್ರೂ ಸೂಜಿ ಬುಡದಲ್ಲಿ ಚೂರು ರಕ್ತ ಉಳ್ಕೊಳ್ಳತ್ತೆ, ಕಣ್ಣಿಗೂ ಕಾಣಲ್ಲ, ಎಚ್‌ಐವಿ ಹರಡೋಕೆ, ಲಿವರ್ ಹಾಳು ಮಾಡೋ 'ಹೆಪಟೈಟಿಸ್ ಸಿ' ಹರಡೋಕೆ ಅಷ್ಟು ಸಾಕು. ನೀರಲ್ಲಿ ತೊಳೆದ್ರೆ ಆಯ್ತು ಅಂತ ನಂಬ್ಕೊಂಡು ಕೂರೋಂಗಿಲ್ಲ. ಅದಕ್ಕೇ ಹೊಸದು ಕೊಡ್ತೀವಿ, ಹಳೇದು ವಾಪಸ್ ಇಸ್ಕೊಳ್ತೀವಿ. ಚಟ ಬಿಡ್ತಾನಾ? ಬಿಡಬಹುದು, ಬಿಡದೇನೂ ಇರಬಹುದು, ನಾನು ಮಾತು ಕೊಡಲ್ಲ. ಬಿಟ್ಟ ದಿನ ಎಚ್‌ಐವಿ ಇಲ್ದೇ ಇರ್ಲಿ ಅಂತ ಅಷ್ಟೇ ನಮ್ಮ ಪ್ರಯತ್ನ. 2017ರ ಎಚ್‌ಐವಿ ಕಾಯ್ದೆಲೂ ಇದೆ, ಸೋಂಕು ತಡೆಯೋಕೆ ಶುದ್ಧ ಸೂಜಿ ಕೊಡೋದು ಅಪರಾಧ ಅಲ್ಲ.

ಸಿಸ್ಟರ್ ಕೆಲ್ಸ ಏನು ಅಂದ್ರೆ, ಬ್ಯುಪ್ರೆನಾರ್ಫಿನ್ ಮಾತ್ರೆ (ಚುಚ್ಕೊಳ್ಳೋ ಡ್ರಗ್ಸ್ ಬದ್ಲು ಕೊಡೋ ಔಷಧಿ, ಎಲ್ರಿಗೂ ಅಲ್ಲ, ಡಾಕ್ಟ್ರು ನೋಡಿ ಬರ್ಕೊಟ್ಟೋರಿಗೆ) ಪುಡಿ ಮಾಡಿ ನಾಲಿಗೆ ಕೆಳಗೆ ಹಾಕೋದು, ಕರಗೋ ತನಕ ಎದುರಿಗೇ ಕೂರಿಸ್ಕೊಳ್ಳೋದು. ನುಂಗಿಬಿಟ್ರೆ ಸರಿಯಾಗಿ ಕೆಲ್ಸ ಮಾಡಲ್ಲ, ಅದಕ್ಕೆ ಮಾತ್ರೆ ಹಾಕಿಸ್ಕೊಂಡೋನು ಮಾತಾಡೋಂಗಿಲ್ಲ, ಹಂಗಾಗಿ ಅಷ್ಟೊತ್ತೂ ಇವ್ರೇ ಮಾತಾಡ್ತಾರೆ, ಮಗಳ ಫೀಸು, ಟೊಮೆಟೊ ರೇಟು, ಎಲ್ಲಾ. ಆಮೇಲೆ, ಮಾತ್ರೆ ಕರಗಿದ್ಯಾ ಅಂತ ನೋಡೋಕೆ, "ಬಾಯಿ ತೆಗಿ, ನಾಲಿಗೆ ಎತ್ತು." ಒಬ್ಬ ಹುಡುಗ ಮೂರು ವರ್ಷ ಸಿರಿಂಜ್ ಇಸ್ಕೊಂಡು ಮುಖನೂ ನೋಡ್ದೆ ಹೋಗ್ತಿದ್ದ. ತೋಳು ಕೀವಾಗಿ ಊದ್ಕೊಂಡಾಗ ಸೀದಾ ಇವ್ರ ಹತ್ರಾನೇ ಬಂದ. "ಬೇರೆ ಕಡೆ ಬೈತಾರೆ ಅಕ್ಕ" ಅಂದ. ಅವತ್ತೇ ಮೊದಲ ಸಲ ಎಚ್‌ಐವಿ ಟೆಸ್ಟ್‌ಗೂ ಒಪ್ಕೊಂಡ, ನೆಗೆಟಿವ್ ಬಂತು. ಇದನ್ನ ಶೀಲ್ಡ್ ಮೇಲೆ ಹೆಂಗ್ ಬರೆಸ್ತೀರಾ?

ಚೆನ್ನೈನ ಡಾ. ಸುನೀತಿ ಸಾಲೋಮನ್ ನೆನಪಾಗ್ತಾರೆ. 1986ರಲ್ಲಿ ಅವ್ರ ಸ್ಟೂಡೆಂಟ್ ನಿರ್ಮಲಾ ರಕ್ತದ ಸ್ಯಾಂಪಲ್‌ಗಳನ್ನ ಐಸ್ ಬಾಕ್ಸಲ್ಲಿಟ್ಕೊಂಡು ರೈಲು ಹತ್ತಿ ವೆಲ್ಲೂರಿಗೆ ಹೋಗಿ ಟೆಸ್ಟ್ ಮಾಡ್ಸಿದ್ದು, ನಮ್ಮ ದೇಶದಲ್ಲೂ ಎಚ್‌ಐವಿ ಇದೆ ಅಂತ ಗೊತ್ತಾಗಿದ್ದೇ ಹಂಗೆ. ಸುನೀತಿ ಅವ್ರು 2015ರಲ್ಲಿ ತೀರ್ಕೊಂಡ್ರು, ಪದ್ಮಶ್ರೀ ಬಂದಿದ್ದು 2017ರಲ್ಲಿ. ನಮ್ಮ ಸಿಸ್ಟರ್‌ಗೆ ಇರುವಾಗ್ಲೇ ಶಾಲು ಸಿಗ್ತಿದೆ, ನಾನ್ಯಾಕೆ ಕೊಂಕು ತೆಗೀಲಿ.

ಆದ್ರೂ ನಂಬರ್ ಇಲ್ಲ ಅಂದೆ. "ಹಂಗಾದ್ರೆ ಇಬ್ರು ಪೇಷೆಂಟ್‌ನಾದ್ರೂ ಸ್ಟೇಜ್ ಮೇಲೆ ಕರ್ಸಿ, ಫೋಟೋ ಚೆನ್ನಾಗ್ ಬರತ್ತೆ" ಅಂದ್ರು. ಫೋನ್ ಇಟ್ಬಿಟ್ಟೆ.

ಸಿಸ್ಟರ್‌ಗೆ ಹೇಳಿದ್ರೆ ಅವ್ರು ಕೇಳಿದ್ದು ಒಂದೇ, ಫಂಕ್ಷನ್ ಎಷ್ಟೊತ್ತಿಗೆ ಅಂತ. ಬೆಳಿಗ್ಗೆ ಹತ್ತೂವರೆಗೆ ಅಂದೆ.

"ಆಗಲ್ಲ ಡಾಕ್ಟ್ರೇ, ಅದು ಮಾತ್ರೆ ಟೈಮು."