1098ಕ್ಕೆ ಕರೆ ಮಾಡಿದರೆ ಮನೆ ಬಿಟ್ಟು ಬಂದ ಹುಡುಗ ಎಲ್ಲಿಗೆ ಹೋಗುತ್ತಾನೆ?

ಪ್ರಶ್ನೆ: ನಾನು ಬಸ್ ನಿಲ್ದಾಣದ ಎದುರು ಚಿಕ್ಕದೊಂದು ಹೋಟೆಲ್ ನಡೆಸುತ್ತೇನೆ. ಮನೆ ಬಿಟ್ಟು ಬಂದ ಹದಿಮೂರು, ಹದಿನಾಲ್ಕು ವರ್ಷದ ಹುಡುಗರು ಆಗಾಗ ಬಂದು ಕೆಲಸ ಕೇಳುತ್ತಾರೆ. ಮಕ್ಕಳ ಸಹಾಯವಾಣಿಗೆ ತಿಳಿಸಬೇಕೆನಿಸುತ್ತದೆ. ಆದರೆ ಯಾವ ಮನೆಯ ಹೊಡೆತ ತಾಳಲಾರದೆ ಓಡಿಬಂದರೋ ಅದೇ ಮನೆಗೆ ಪೊಲೀಸರು ಮರುದಿನವೇ ಬಿಟ್ಟುಬರುತ್ತಾರೇನೋ ಎಂಬ ಭಯ. ಕರೆ ಮಾಡಿದ ಮೇಲೆ ನಿಜವಾಗಿ ಏನಾಗುತ್ತದೆ?

ಉತ್ತರ: ದಯವಿಟ್ಟು ಕರೆ ಮಾಡಿ. ಮನೆ ಬಿಟ್ಟು ಬರುವುದು ಅಪರಾಧವಲ್ಲ. ಆ ಹುಡುಗನನ್ನು ಮನೆಗೆ ಕಳುಹಿಸಬೇಕೇ ಬೇಡವೇ ಎಂಬುದನ್ನು ಕಾನೂನಿನ ಪ್ರಕಾರ ಪೊಲೀಸರು ತೀರ್ಮಾನಿಸುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ, ಅದೂ ವಿಚಾರಣೆ ನಡೆಸಿದ ನಂತರ.

ಈ ಭಯಕ್ಕೆ ಮೂಲ ಕಾರಣ, ಎರಡು ಬೇರೆ ಬೇರೆ ವ್ಯವಸ್ಥೆಗಳು ಜನರ ಮನಸ್ಸಿನಲ್ಲಿ ಒಂದಾಗಿ ಹೋಗಿರುವುದು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣಗಳು ಬಾಲನ್ಯಾಯ ಮಂಡಳಿಗೆ ಹೋಗುತ್ತವೆ. ಮನೆಯವರು ಪತ್ತೆಯಾಗದ, ಮನೆ ಬಿಟ್ಟ, ಹಿಂಸೆಗೆ ಒಳಗಾದ, ಬೀದಿಯಲ್ಲಿ ಬದುಕುತ್ತಿರುವ ಮಕ್ಕಳನ್ನು ಅದೇ ಕಾಯ್ದೆ ‘ಆರೈಕೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳು’ ಎಂದು ಪ್ರತ್ಯೇಕವಾಗಿ ಗುರುತಿಸಿ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುತ್ತದೆ. ನಿಮ್ಮ ಹೋಟೆಲಿನ ಬಾಗಿಲಲ್ಲಿ ನಿಂತ ಹುಡುಗ ಈ ಎರಡನೆಯ ಗುಂಪಿಗೆ ಸೇರಿದವನು.

1098 ಶುಲ್ಕವಿಲ್ಲದ, ದಿನದ ಇಪ್ಪತ್ತನಾಲ್ಕು ಗಂಟೆಯೂ ಲಭ್ಯವಿರುವ ಸಂಖ್ಯೆ. 1996ರಲ್ಲಿ ಮುಂಬಯಿಯಲ್ಲಿ ಚೈಲ್ಡ್‌ಲೈನ್ ಹೆಸರಿನಲ್ಲಿ ಆರಂಭವಾದ ಈ ಸೇವೆಯನ್ನು ಬಹುಕಾಲ ಸ್ವಯಂಸೇವಾ ಸಂಸ್ಥೆಗಳ ಜಾಲ ನಡೆಸಿತು. 2023ರಿಂದ ಅದು ಸರ್ಕಾರದ ನೇರ ನಿರ್ವಹಣೆಗೆ ಬಂದು 112 ತುರ್ತು ಸೇವೆಯೊಂದಿಗೆ ಜೋಡಣೆಯಾಗಿದೆ. ಜಿಲ್ಲೆಯಲ್ಲಿ ಮುಂದಿನ ಕೆಲಸವನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಪೊಲೀಸರು ಬರಬೇಕಾಗಿ ಬಂದರೂ ಮಕ್ಕಳೊಂದಿಗೆ ವ್ಯವಹರಿಸುವಾಗ ಅವರು ಸಾಧ್ಯವಾದಷ್ಟು ಮಟ್ಟಿಗೆ ಸಾದಾ ಉಡುಪಿನಲ್ಲಿರಬೇಕು, ಹೆಣ್ಣುಮಕ್ಕಳಿದ್ದರೆ ಮಹಿಳಾ ಸಿಬ್ಬಂದಿ ಇರಬೇಕು ಎಂದು ನಿಯಮ ಹೇಳುತ್ತದೆ.

ಮಗು ಸಿಕ್ಕ 24 ಗಂಟೆಗಳೊಳಗೆ, ಪ್ರಯಾಣದ ಸಮಯವನ್ನು ಬಿಟ್ಟು, ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಂದು ಸಮಿತಿಯ ಸಭೆ ಇಲ್ಲದಿದ್ದರೆ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಹಲವರಿಗೆ ತಿಳಿಯದ ಇನ್ನೊಂದು ಸಂಗತಿಯೆಂದರೆ, ಸಮಿತಿಯ ಮುಂದೆ ಮಗುವನ್ನು ಯಾರು ಕರೆತರಬಹುದು ಎಂದು ಕಾಯ್ದೆ ಹೇಳುವಾಗ ಪೊಲೀಸರು, ಸಮಾಜಸೇವಕರು, ವೈದ್ಯರು, ದಾದಿಯರ ಜೊತೆಗೆ ಸ್ವತಃ ಮಗುವಿನ ಹೆಸರನ್ನೂ ಸೇರಿಸಿದೆ. ಮನೆಯಲ್ಲಿ ಇರಲಾರದ ಹದಿಹರೆಯದ ಹುಡುಗಿ ಯಾರ ನೆರವೂ ಇಲ್ಲದೆ ನೇರವಾಗಿ ಸಮಿತಿಯ ಕಚೇರಿಗೆ ಹೋಗಿ ಕುಳಿತು ತನ್ನ ಕಥೆ ಹೇಳಬಹುದು. ನಮ್ಮ ಪ್ರೌಢಶಾಲೆಗಳ ಗೋಡೆಯ ಮೇಲೆ ಬರೆಯಿಸಬೇಕಾದ ಮಾತು ಇದು.

ಇನ್ನು ನಿಮ್ಮ ಪ್ರಶ್ನೆಯ ಮುಖ್ಯ ಭಾಗ. ಸಮಿತಿ ಸಾಮಾಜಿಕ ತನಿಖಾ ವರದಿಗೆ ಆದೇಶಿಸುತ್ತದೆ. ಸಿಬ್ಬಂದಿ ಹುಡುಗನ ಮನೆಗೆ ಹೋಗಿ, ಅಕ್ಕಪಕ್ಕದವರನ್ನೂ ಶಾಲೆಯ ಶಿಕ್ಷಕರನ್ನೂ ಮಾತನಾಡಿಸಿ, ಅವನು ಮನೆ ಬಿಟ್ಟದ್ದೇಕೆ ಎಂಬುದನ್ನು 15 ದಿನಗಳಲ್ಲಿ ದಾಖಲಿಸಬೇಕು. ಕಾರಣಗಳು ಒಂದೇ ತೆರನಾಗಿರುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಹೆದರಿ ಬಂದವನಿಗೆ ಬೇಕಾಗಿರುವುದು ಅಪ್ಪ ಅಮ್ಮನನ್ನು ಕೂರಿಸಿ ಆಡುವ ನಾಲ್ಕು ಸಮಾಧಾನದ ಮಾತು. ಕುಡಿದು ಬಂದು ಬೆಲ್ಟಿನಿಂದ ಹೊಡೆಯುವ ಮಲತಂದೆಯಿಂದ ತಪ್ಪಿಸಿಕೊಂಡವನ, ಅಥವಾ ಒಲ್ಲದ ಮದುವೆಯ ಹಿಂದಿನ ದಿನ ಬಸ್ಸು ಹತ್ತಿದ ಹದಿನಾರರ ಹುಡುಗಿಯ ಸಂಗತಿಯೇ ಬೇರೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದೇ ಈ ವಿಚಾರಣೆ. ಮಗುವಿನ ಅಭಿಪ್ರಾಯವನ್ನು ಕೇಳಲೇಬೇಕು. ಅಂತಿಮ ಆದೇಶ ನಾಲ್ಕು ತಿಂಗಳೊಳಗೆ ಬರಬೇಕು. ಮನೆಯವರು ಕ್ರೌರ್ಯ ಎಸಗಿದ್ದರೆ ಅವರ ಮೇಲೆ ಪ್ರಕರಣ ದಾಖಲಿಸಲು ಇದೇ ಕಾಯ್ದೆಯ 75ನೇ ಕಲಂನಲ್ಲಿ ಅವಕಾಶವಿದ್ದು, ಮೂರು ವರ್ಷದವರೆಗೆ ಶಿಕ್ಷೆ ವಿಧಿಸಬಹುದು.

ಅಷ್ಟರವರೆಗೆ ಅವನು ಇರುವುದು ಬಾಲಕರ ಬಾಲಮಂದಿರದಲ್ಲಿ, ಇಲ್ಲವೇ ಅಲ್ಪಾವಧಿಗೆಂದೇ ಇರುವ ತೆರೆದ ತಂಗುದಾಣದಲ್ಲಿ. ಬೆಂಗಳೂರಿನಂತಹ ನಗರದಲ್ಲಿ ಸಂಸ್ಥೆಗಳ ಪಾತ್ರವೂ ದೊಡ್ಡದು: ಡಾನ್ ಬಾಸ್ಕೋದವರ ‘ಬಾಸ್ಕೋ’ 1980ರಿಂದ ಬೀದಿಯ ಮಕ್ಕಳ ನಡುವೆ ಕೆಲಸ ಮಾಡುತ್ತಿದೆ. ರೈಲು ನಿಲ್ದಾಣಗಳಲ್ಲಿ ರೈಲ್ವೆ ರಕ್ಷಣಾ ಪಡೆ ‘ನನ್ಹೆ ಫರಿಶ್ತೆ’ ಕಾರ್ಯಾಚರಣೆಯ ಮೂಲಕ 2018ರಿಂದ 2024ರ ಮೇ ತಿಂಗಳವರೆಗೆ ದೇಶದಾದ್ಯಂತ 84 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ರಕ್ಷಿಸಿದೆ. ಊರು ಬಿಟ್ಟ ಮಗುವಿನ ಬಳಿಗೆ ಮೊದಲು ತಲುಪುವವರು ದಲ್ಲಾಳಿಗಳೋ ಸಹಾಯಕರೋ ಎಂಬುದು ಎಷ್ಟೋ ಬಾರಿ ಅದು ಇಳಿದ ಮೊದಲ ಕೆಲವು ಗಂಟೆಗಳಲ್ಲೇ ತೀರ್ಮಾನವಾಗಿಬಿಡುತ್ತದೆ.

ಬಡತನವೇ ಕಾರಣವಾಗಿದ್ದರೆ ಮಗುವನ್ನು ಮನೆಯಲ್ಲೇ ಉಳಿಸಿ, ಓದಿಗಾಗಿ ತಿಂಗಳಿಗೆ 4,000 ರೂಪಾಯಿ ಕೊಡುವ ಪ್ರಾಯೋಜಕತ್ವದ ನೆರವು ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಇದೆ. ಮನೆಗೆ ಕಳುಹಿಸಿದ ಮೇಲೂ ಮೇಲ್ವಿಚಾರಣೆ ಮುಂದುವರಿಸುವಂತೆ ಸಮಿತಿ ಆದೇಶಿಸಬಹುದು. ಕಾಗದದ ಮೇಲಿನ ಈ ವ್ಯವಸ್ಥೆ ಎಲ್ಲ ಕಡೆಯೂ ಇಷ್ಟೇ ಅಚ್ಚುಕಟ್ಟಾಗಿ ನಡೆಯುತ್ತದೆಂದು ನಾನು ಹೇಳಲಾರೆ. ಅವಸರದಲ್ಲಿ ಮನೆಗೆ ಸೇರಿಸಿದರೆ ಮಗು ಮತ್ತೆ ಓಡಿಬರುತ್ತದೆ, ಎರಡನೆಯ ಬಾರಿ ಇನ್ನೂ ದೂರಕ್ಕೆ. ಆದ್ದರಿಂದ ಕರೆ ಮಾಡಿದವರು ಒಂದು ವಾರದ ನಂತರ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸುವುದು ಒಳ್ಳೆಯದು. ಮಗುವಿನ ವಿವರಗಳನ್ನು ಅವರು ನಿಮಗೆ ಹೇಳಲಾರರು, ಆದರೆ ಹೊರಗೆ ಒಬ್ಬರು ಕಾಯುತ್ತಿದ್ದಾರೆಂಬುದು ಅವರಿಗೆ ಗೊತ್ತಿರುತ್ತದೆ.

‘ಪಾಪ, ಊಟ ಹಾಕಿ ಲೋಟ ತೊಳೆಯಲು ಇಟ್ಟುಕೊಳ್ಳೋಣ’ ಎಂಬ ಕರುಣೆ ಬೇಡ. 14 ವರ್ಷದೊಳಗಿನವರನ್ನು ಕೆಲಸಕ್ಕಿಟ್ಟರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಹುಡುಗನ ಶಾಲೆ ಅಲ್ಲಿಗೇ ಮುಗಿಯುತ್ತದೆ. ಒಂಟಿಯಾಗಿ ಸಿಕ್ಕ ಮಗುವಿನ ವಿಷಯ ತಿಳಿದೂ 24 ಗಂಟೆಗಳೊಳಗೆ ತಿಳಿಸದಿರುವುದೂ ಕಾನೂನಿನ ಕಣ್ಣಿನಲ್ಲಿ ತಪ್ಪು.

ಸಿಬ್ಬಂದಿ ಬರುವವರೆಗೆ ಅವನಿಗೆ ಊಟ ಕೊಡಿ, ಜನರಿರುವ ಕಡೆ ಕೂರಿಸಿ, ಯಾರಿಗೆ ಕರೆ ಮಾಡಿದ್ದೀರೆಂದು ಸುಳ್ಳು ಹೇಳದೆ ತಿಳಿಸಿ. ಏಕೆ ಬಂದೆ ಎಂದು ಗದರಿಸಿ ಕೇಳಬೇಡಿ. ಅವನಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ಮೈಮೇಲೆ ಬಾಸುಂಡೆಗಳಿದ್ದರೆ ಬಂದವರ ಗಮನಕ್ಕೆ ತನ್ನಿ. ಮನೆಯ ನಂಬರು ಸಿಕ್ಕರೂ ನೀವೇ ಫೋನ್ ಮಾಡಲು ಹೋಗಬೇಡಿ, ಏಕೆಂದರೆ ಆ ಮನೆಯಲ್ಲಿ ಏನು ನಡೆದಿದೆಯೆಂಬುದು ಆಗಿನ್ನೂ ನಿಮಗೆ ಗೊತ್ತಿರುವುದಿಲ್ಲ. ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಅವನು ಯಾರಿಂದ ಓಡಿಬಂದನೋ ಅವರ ಮೊಬೈಲಿಗೂ ಆ ಚಿತ್ರ ಅದೇ ಸಂಜೆ ತಲುಪೀತು.