ಪುಟ್ಟ ಬಾವಲಿ ಮರಿಯಲ್ಲ

ನನಗೆ ಬರುವ ಬಾವಲಿ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಬಟ್ಟೆಯ ಮೇಲೆ ಮುದುಡಿ ಕುಳಿತ, ಹೆಬ್ಬೆರಳುದ್ದದ ಕಂದು ಜೀವ, ಜೊತೆಗೆ 'ಮರಿ ಬಿದ್ದಿದೆ, ತಾಯಿ ಕಾಣುತ್ತಿಲ್ಲ, ಹಾಲು ಕುಡಿಸಬಹುದೇ?' ಎಂಬ ಪ್ರಶ್ನೆ. ಕೇಳುವವರ ಕರುಣೆ ನಿಜವಾದದ್ದು. ಆದರೆ ಆ ಚಿತ್ರಗಳಲ್ಲಿರುವುದು ಬಹುಪಾಲು ಮರಿಯೇ ಅಲ್ಲ, ಪಿಪಿಸ್ಟ್ರೆಲ್ ಎಂಬ ಪುಟ್ಟ ಬಗೆಯ ಬಾವಲಿ, ಅದೂ ಪೂರ್ಣ ಬೆಳೆದದ್ದು.

ನಮ್ಮ ಮನೆಗಳ ಗೋಡೆ ಬಿರುಕು, ಹೆಂಚಿನ ಸಂದುಗಳಲ್ಲಿ ಇರುವ ಪಿಪಿಸ್ಟ್ರೆಲಸ್ ಟೆನ್ಯುಯಿಸ್ ಎಂಬ ಪಿಪಿಸ್ಟ್ರೆಲ್ ಜಾತಿ 2ರಿಂದ 4 ಗ್ರಾಂ ತೂಗುತ್ತದೆ. ಅದರ ಮುಂಗೈ ಮೂಳೆ ಸಾಮಾನ್ಯವಾಗಿ 3 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಆಲದ ಮರದಲ್ಲಿ ಜೋತುಬೀಳುವ ದೊಡ್ಡ ಹಣ್ಣುಬಾವಲಿ ಒಂದು ಕಿಲೋ ಮೀರಬಲ್ಲದು. ಎರಡಕ್ಕೂ 'ಬಾವಲಿ' ಎಂಬ ಒಂದೇ ಹೆಸರಿರುವುದರಿಂದ ಚಿಕ್ಕದು ದೊಡ್ಡದರ ಮರಿಯಿರಬೇಕೆಂದು ಜನ ಭಾವಿಸುತ್ತಾರೆ. ವಾಸ್ತವದಲ್ಲಿ ಹಣ್ಣುಬಾವಲಿಯ ಹಸುಗೂಸೇ ಈ ಬೆಳೆದ ಪಿಪಿಸ್ಟ್ರೆಲ್‌ಗಿಂತ ಹಲವು ಪಟ್ಟು ಭಾರ.

ಗಾತ್ರ ನೋಡಿ ವಂಶ ಹೇಳುವ ತಪ್ಪನ್ನು ವಿಜ್ಞಾನವೂ ಬಹುಕಾಲ ಮಾಡಿತ್ತು. ಬಾವಲಿಗಳನ್ನು ಹಿಂದೆ ದೊಡ್ಡವು, ಚಿಕ್ಕವು ಎಂದು ಎರಡು ಉಪಗಣಗಳಾಗಿ ವಿಂಗಡಿಸಿದ್ದರು. ಡಿಎನ್‌ಎ ಅಧ್ಯಯನಗಳು ಆ ಗೆರೆಯನ್ನು ಅಳಿಸಿ, ಚಿಕ್ಕದಾದ ಕುದುರೆಲಾಳ ಬಾವಲಿಯನ್ನು ಹಣ್ಣುಬಾವಲಿಗಳ ಬಳಗಕ್ಕೆ ಸೇರಿಸಿದವು. ಪಿಪಿಸ್ಟ್ರೆಲ್ ಇರುವ ವೆಸ್ಪರ್ಟಿಲಿಯೋನಿಡೇ ಕುಟುಂಬ ಇನ್ನೊಂದು ಬಳಗದಲ್ಲಿ ಉಳಿಯಿತು. ಮೈಯಲ್ಲೂ ಈ ದೂರ ಕಾಣುತ್ತದೆ. ಹಣ್ಣುಬಾವಲಿಯ ತೋರುಬೆರಳಿಗೆ ಉಗುರಿದೆ, ಪಿಪಿಸ್ಟ್ರೆಲ್‌ಗೆ ಇಲ್ಲ. ಪಿಪಿಸ್ಟ್ರೆಲ್‌ನ ಕಿವಿಯೊಳಗೆ ಟ್ರಾಗಸ್ ಎಂಬ ಸಣ್ಣ ಎಸಳು ಎದ್ದು ನಿಂತಿರುತ್ತದೆ, ಬಾಲ ಕಾಲ್ಗಳ ನಡುವಿನ ತೊಗಲಿನೊಳಗೇ ಸೇರಿಕೊಂಡಿರುತ್ತದೆ.

ಹಾಗಾದರೆ ಪ್ರಾಯ ತಿಳಿಯುವುದು ಹೇಗೆ? ಗಾತ್ರದಿಂದಲ್ಲ, ಬೆರಳ ಗೆಣ್ಣಿನಿಂದ. ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ ಹಿಂದಿನಿಂದ ಬೆಳಕು ಹಿಡಿದರೆ, ಮರಿಯ ಬೆರಳ ಕೀಲುಗಳಲ್ಲಿ ಇನ್ನೂ ಮೂಳೆಯಾಗದ ಮೃದ್ವಸ್ಥಿಯ ಮೂಲಕ ಬೆಳಕು ಹಾಯುತ್ತದೆ, ಕೀಲು ನೀಳವಾಗಿ ಕಾಣುತ್ತದೆ. ಬೆಳೆದ ಬಾವಲಿಯಲ್ಲಿ ಅದೇ ಜಾಗ ಗಟ್ಟಿಯಾದ ದುಂಡು ಗಂಟು. ಇದನ್ನು ಅಭ್ಯಾಸವಿದ್ದವರು ಕೈಗವಸು ಹಾಕಿಕೊಂಡು ಮಾಡಬೇಕು. ಕಚ್ಚಿಸಿಕೊಂಡವರು ತಡಮಾಡದೆ ವೈದ್ಯರನ್ನು ಕಾಣಬೇಕು. ನೀವು ಮುಟ್ಟದೆ ಗಮನಿಸಬಹುದಾದದ್ದು ಇಷ್ಟು: ಹುಟ್ಟಿದ ಮರಿಗೆ ತುಪ್ಪಳವಿರುವುದಿಲ್ಲ, ಕಣ್ಣು ತೆರೆದಿರುವುದಿಲ್ಲ, ಹಾರಲು ಕಲಿಯುವ ಹೊತ್ತಿಗೆ ಅದರ ಮುಂಗೈ ಹೆಚ್ಚುಕಡಿಮೆ ತಾಯಿಯಷ್ಟೇ ಉದ್ದವಾಗಿರುತ್ತದೆ.

ಒಮ್ಮೆ ಒಂದು ಕುಟುಂಬ ಇಂಥದೊಂದು 'ಮರಿ'ಯನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು, ಹತ್ತಿಯಲ್ಲಿ ಹಸುವಿನ ಹಾಲು ಹಿಂಡುತ್ತಾ ಎರಡು ದಿನ ಕಾದು ನನ್ನಲ್ಲಿಗೆ ತಂದಿತು. ಗೆಣ್ಣುಗಳು ಗಟ್ಟಿಯಾಗಿದ್ದವು. ಮೊಲೆತೊಟ್ಟಿನ ಸುತ್ತ ರೋಮ ಸವೆದಿತ್ತು. ಅವಳು ಹಾಲೂಡಿಸುತ್ತಿದ್ದ ತಾಯಿ. ಈ ಜಾತಿಯಲ್ಲಿ ಅವಳಿ ಮರಿಗಳೇ ಸಾಮಾನ್ಯವಾದ್ದರಿಂದ ಎಲ್ಲೋ ಒಂದು ಬಿರುಕಿನಲ್ಲಿ ಎರಡು ಮರಿಗಳು ಅವಳ ದಾರಿ ಕಾಯುತ್ತಿದ್ದಿರಬಹುದು. ಆ ಮನೆಯ ಹುಡುಗಿ ಅತ್ತಳು. ಅವಳಿಗೆ ಸಮಾಧಾನ ಹೇಳುವ ಮಾತು ನನ್ನಲ್ಲಿರಲಿಲ್ಲ.

ಜಾತಿಯ ಹೆಸರು ಕೇಳಿದಾಗಲೂ ನಾನು ಚಿತ್ರ ನೋಡಿ ಖಚಿತವಾಗಿ ಹೇಳುವುದಿಲ್ಲ. ಪ್ರಾಣಿಶಾಸ್ತ್ರಜ್ಞ ಟೆಮ್ಮಿಂಕ್ 1840ರಲ್ಲಿ ಹೆಸರಿಸಿದ ಟೆನ್ಯುಯಿಸ್, ಪ್ರಾಣಿಶಾಸ್ತ್ರಜ್ಞ ಗ್ರೇ 1838ರಲ್ಲಿ ಹೆಸರಿಸಿದ ಇನ್ನೊಂದು ಪಿಪಿಸ್ಟ್ರೆಲ್ ಜಾತಿ ಕೋರಮಂಡ್ರ ಇವೆರಡೂ ಕಂದು ಬಣ್ಣದವು. ಎರಡನೆಯದು ಸರಾಸರಿಯಲ್ಲಿ ತುಸು ದೊಡ್ಡದಾದರೂ ಮುಂಗೈ ಅಳತೆಗಳು ಒಂದರ ಮೇಲೊಂದು ಬರುತ್ತವೆ. ತಲೆಬುರುಡೆ, ಹಲ್ಲು, ಗಂಡಿನ ಶಿಶ್ನದ ಮೂಳೆ ನೋಡಿದ ಮೇಲಷ್ಟೇ ನಿಶ್ಚಯವಾಗಿ ಬೇರ್ಪಡಿಸಬಹುದು, ಮತ್ತು ಬದುಕಿರುವ ಪ್ರಾಣಿಯಲ್ಲಿ ಅದು ಸುಲಭವಲ್ಲ. ಆ ಕುಟುಂಬ ತಾಯಿ ಬಾವಲಿಯನ್ನು ತಂದ ಸಂಜೆ ನನ್ನ ಪುಸ್ತಕದಲ್ಲಿ 'ಪಿಪಿಸ್ಟ್ರೆಲಸ್, ಬಹುಶಃ ಟೆನ್ಯುಯಿಸ್, ಬೆಳೆದ ಹೆಣ್ಣು' ಎಂದಷ್ಟೇ ಬರೆದೆ. ಕತ್ತಲಾದ ಕೂಡಲೇ ಆ ಬಾವಲಿಯನ್ನು ಅವಳು ಸಿಕ್ಕಿದ ಮನೆಗೇ ಒಯ್ದು, ಒರಟು ಗೋಡೆಯ ಎತ್ತರದಲ್ಲಿ ಬಿಟ್ಟೆವು.