ಡೆಲ್ಫಿ ಹೇಳಿದ್ದೆಷ್ಟು, ಈಡಿಪಸ್ ಮಾಡಿದ್ದೆಷ್ಟು

ಕಾರಿಂತ್‌ನಲ್ಲಿ ಒಂದು ಔತಣ. ಕುಡಿದ ಒಬ್ಬ, ಅಲ್ಲಿನ ದೊರೆಯ ಮಗನಾಗಿ ಬೆಳೆದ ಈಡಿಪಸ್‌ಗೆ ಹೇಳಿಬಿಡುತ್ತಾನೆ, "ನೀನು ನಿಮ್ಮಪ್ಪನ ಸ್ವಂತ ಮಗ ಅಲ್ಲ." ಅಪ್ಪ ಅಮ್ಮ ಎಷ್ಟು ಸಮಾಧಾನ ಮಾಡಿದರೂ ಆ ಮಾತು ಕೊರೆಯುತ್ತಲೇ ಇರುತ್ತದೆ. ಅವರಿಗೆ ಹೇಳದೆ ಡೆಲ್ಫಿಗೆ ಹೋಗಿ ಅಪೊಲೊ ದೇವರ ಕಣಿ ಕೇಳುತ್ತಾನೆ. ಅವನು ಕೇಳಿದ್ದು ತನ್ನ ಹೆತ್ತವರ ಬಗ್ಗೆ. ಅದಕ್ಕೆ ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇ: ನೀನು ತಂದೆಯನ್ನು ಕೊಲ್ಲುತ್ತೀಯ, ತಾಯಿಯನ್ನು ಕೂಡುತ್ತೀಯ. ಗಾಬರಿಯಲ್ಲಿ ಅವನಿಗೆ ತಾನು ಬಂದ ಪ್ರಶ್ನೆಯೇ ಮರೆತುಹೋಯಿತು. ಕಾರಿಂತ್‌ನವರೇ ಹೆತ್ತವರು ಅಂದುಕೊಂಡು ಆ ಊರಿಗೆ ಬೆನ್ನು ಹಾಕಿ ನಡೆದ.

ಸಾಫೊಕ್ಲಿಸ್‌ನ ನಾಟಕದಲ್ಲಿ ಇದೆಲ್ಲ ಕೆಲವೇ ಸಾಲು. ಗ್ರೀಕ್ ದುರಂತ ನಾಟಕ ಅಂದರೆ ಎಲ್ಲಾ ಹಣೆಬರಹ ಅನ್ನುವವರು ಈ ಸಾಲುಗಳನ್ನು ಒಮ್ಮೆ ನಿಧಾನವಾಗಿ ಓದಬೇಕು.

ಹಣೆಬರಹ ಅನ್ನುವ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಗ್ರೀಕರ ಪದ 'ಮೊಯ್ರ'. ಅದರ ಮೂಲ ಅರ್ಥ ಪಾಲು. ಊಟದ ಪಾಲು, ಜಮೀನಿನ ಪಾಲು. 'ನನ್ನ ಪಾಲಿಗೆ ಬಂದದ್ದು' ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಎಲ್ಲರ ಪಾಲಿಗೂ ಸಾವು ಇದೆ, ತಪ್ಪಿಸೋಕಾಗಲ್ಲ. ಬದುಕಿನ ಒಂದೊಂದು ಹೆಜ್ಜೆಯೂ ಮೊದಲೇ ಬರೆದಾಗಿದೆ ಅನ್ನುವ ಅರ್ಥ ಬಲವಾಗಿದ್ದು ತುಂಬಾ ಆಮೇಲೆ.

ಅಥೆನ್ಸ್‌ನ ಜನಕ್ಕೆ ಕಣಿ ಸುಮ್ನೆ ಕತೆಯ ಸರಕೂ ಆಗಿರಲಿಲ್ಲ. ಕ್ರಿ.ಪೂ. 480ರಲ್ಲಿ ಪರ್ಷಿಯಾದ ಸೈನ್ಯ ಬಂದಾಗ ಡೆಲ್ಫಿ ಹೇಳಿದ್ದು, ಮರದ ಗೋಡೆಯೊಂದೇ ಉಳಿಯುತ್ತದೆ ಅಂತ. ಕೆಲವರು ಬೆಟ್ಟದ ಮೇಲಿನ ಬೇಲಿ ಅಂದುಕೊಂಡರು. ಅಥೆನ್ಸ್‌ನ ನಾಯಕ ಥೆಮಿಸ್ಟೊಕ್ಲಿಸ್ ಅದು ಹಡಗು ಅಂದ. ಸಲಾಮಿಸ್‌ನ ಕಡಲ ಯುದ್ಧದಲ್ಲಿ ಗೆದ್ದರು. ಕಣಿ ಒಂದೇ, ಅದನ್ನು ಅರ್ಥ ಮಾಡಿಕೊಂಡ ಬಗೆ ಎರಡು. ನಾಟಕ ನೋಡಲು ಕೂರುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಸಾಫೊಕ್ಲಿಸ್‌ಗಿಂತ ಹಿರಿಯ ನಾಟಕಕಾರ ಈಸ್ಕಿಲಸ್‌ನಲ್ಲಿ ಕಣಿಗೆ ಕಾರಣವೂ ಜೊತೆಗೇ ಬರುತ್ತದೆ. ಕ್ರಿ.ಪೂ. 467ರ ಅವನ ನಾಟಕದಲ್ಲಿ ಅಪೊಲೊ, ಈಡಿಪಸ್‌ನ ನಿಜವಾದ ತಂದೆಯಾದ ಥೀಬ್ಸ್‌ನ ದೊರೆ ಲಾಯಸ್‌ಗೆ ಮೂರು ಸಲ ಎಚ್ಚರಿಸುತ್ತಾನೆ: ಮಕ್ಕಳಿಲ್ಲದೆ ಸತ್ತರೆ ಊರು ಉಳಿಯುತ್ತದೆ. ಲಾಯಸ್ ಕೇಳಲಿಲ್ಲ. ಅದರ ಸಾಲ ಮಗ, ಮೊಮ್ಮಕ್ಕಳ ತಲೆಗೆ ಬಂತು.

ಸಾಫೊಕ್ಲಿಸ್ ಆ ಕಾರಣವನ್ನೇ ತೆಗೆದುಹಾಕಿದ. ಅವನ ಈಡಿಪಸ್ ನಾಟಕ ಕ್ರಿ.ಪೂ. 430ರ ಪ್ಲೇಗ್‌ನ ಆಸುಪಾಸಿನದು ಅಂತ ಅನೇಕ ವಿದ್ವಾಂಸರ ಊಹೆ. ಇಲ್ಲಿ ಲಾಯಸ್‌ಗೆ ಬಂದ ಕಣಿ ಇಷ್ಟೇ: ನಿನ್ನ ಸಾವು ಮಗನ ಕೈಯಿಂದ. ಯಾಕೆ ಅಂತ ಇಲ್ಲ. ಹಾಗಾದರೆ ಇಲ್ಲಿ ವಿಧಿಯೇ ಜಾಸ್ತಿ ಆಗಬೇಕಿತ್ತು ಅಲ್ವಾ? ಆದರೆ ರಂಗದ ಮೇಲೆ ನಡೆಯುವುದನ್ನು ನೋಡಿ. ಅಪ್ಪನನ್ನು ಕೊಂದದ್ದು, ಅಮ್ಮನ ಕೈ ಹಿಡಿದದ್ದು ಎಲ್ಲ ಯಾವತ್ತೋ ಆಗಿಹೋಗಿದೆ. ನಾವು ನೋಡುವುದು ಅದು ಬಯಲಾಗುವ ಒಂದು ದಿನವನ್ನು. ಆ ದಿನ ಎಲ್ಲರೂ ಅವನನ್ನು ತಡೆಯುತ್ತಾರೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ನನ್ನನ್ನು ಮನೆಗೆ ಕಳಿಸು ಅಂತಾನೆ. ಗುಟ್ಟು ಗೊತ್ತಿದ್ದ ಮುದಿ ಕುರುಬ ಇನ್ನು ಕೇಳಬೇಡ ಅಂತ ಗೋಗರೆಯುತ್ತಾನೆ. ಈಡಿಪಸ್ ಬಿಡುವುದಿಲ್ಲ.

ಈಡಿಪಸ್‌ನ ತಾಯಿಯೂ ಹೆಂಡತಿಯೂ ಆದ ಯೊಕಾಸ್ಟಳ ಮಾತಂತೂ ಎದೆಗೆ ತಾಗುತ್ತದೆ. ಗಂಡನಿಗೆ ಧೈರ್ಯ ಹೇಳಲು ಹೋಗಿ ಕಣಿಯೆಲ್ಲ ಸುಳ್ಳು ಅಂತಾಳೆ. ಲಾಯಸ್‌ನನ್ನು ಮಗ ಕೊಲ್ಲಲಿಲ್ಲ, ಮೂರು ದಾರಿ ಕೂಡುವಲ್ಲಿ ಯಾರೋ ಕಳ್ಳರು ಕೊಂದರು ಅಂತಾಳೆ. ಮೂರು ದಾರಿ ಅಂದ ಕೂಡಲೇ ಈಡಿಪಸ್‌ನ ಜೀವ ನಡುಗುತ್ತದೆ. ಅಂಥದೇ ಜಾಗದಲ್ಲಿ ಅವನು ಹಿಂದೊಮ್ಮೆ ಒಬ್ಬ ಮುದುಕನನ್ನು ಹೊಡೆದುಹಾಕಿದ್ದ. ಸಮಾಧಾನದ ಮಾತೇ ಸತ್ಯದ ಬಾಗಿಲು ತೆರೆಯಿತು. ಕೊನೆಗೆ, ಕಣ್ಣು ಚುಚ್ಚಿಕೊಂಡ ಮೇಲೆ, ಅವನು ಹೇಳುತ್ತಾನೆ: ಈ ಕಷ್ಟ ತಂದದ್ದು ಅಪೊಲೊ, ಆದರೆ ಹೊಡೆದ ಕೈ ನನ್ನದೇ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ನಾವು ಯಾಕೋ ಮೊದಲರ್ಧವನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ.

ಇನ್ನೊಬ್ಬ ನಾಟಕಕಾರ ಯೂರಿಪಿಡಿಸ್ ಕಣಿಯನ್ನೇ ಪ್ರಶ್ನಿಸಿದ. ಅವನ 'ಎಲೆಕ್ಟ್ರಾ'ದಲ್ಲಿ ಒಬ್ಬ ದೇವತೆಯೇ, ಅಪೊಲೊ ವಿವೇಕಿ, ಆದರೆ ಹೇಳಿದ್ದು ವಿವೇಕದ ಮಾತಲ್ಲ ಅನ್ನುತ್ತಾನೆ. ಮುಂದೆ ತತ್ವಜ್ಞಾನಿ ಅರಿಸ್ಟಾಟಲ್, ದುರಂತ ನಾಯಕ ಬೀಳುವುದಕ್ಕೆ ಕಾರಣ 'ಹಮಾರ್ತಿಯ' ಅಂದ. ಗುರಿ ತಪ್ಪುವುದು ಅಂತ ಅದರ ಮೂಲ ಅರ್ಥ. ಶತಮಾನಗಳು ಕಳೆದಂತೆ ಅದು ಗುಣದೋಷವಾಯಿತು, ಪಾಪವೂ ಆಯಿತು. 1900ರಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಆ ಕಣಿ ನಮ್ಮೆಲ್ಲರ ಮನಸ್ಸಿನೊಳಗೇ ಇದೆ ಅಂದ. ಹೀಗೆ ಗಂಟಿನ ಮೇಲೆ ಗಂಟು ಬಿತ್ತು.

ಕನ್ನಡಕ್ಕೆ ಈ ಲೋಕವನ್ನು ತಂದವರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಮೊದಲಿಗರು. 1929ರ ಅವರ 'ಅಶ್ವತ್ಥಾಮನ್'ಗೆ ಮೂಲ ಸಾಫೊಕ್ಲಿಸ್‌ನ 'ಏಜಾಕ್ಸ್'. ಆ ಗ್ರೀಕ್ ನಾಟಕದಲ್ಲೂ ಒಂದು ಕಣಿ ಇದೆ, ಅದಕ್ಕೆ ಗಡುವೂ ಇದೆ. ನಾಟಕದ ನಾಯಕ, ವೀರ ಏಜಾಕ್ಸ್‌ನ ಮೇಲೆ ದೇವಿ ಅಥೀನಾಳ ಸಿಟ್ಟು ಇವತ್ತು ಒಂದು ದಿನ ಮಾತ್ರ. ಇವತ್ತು ಅವನನ್ನು ಡೇರೆಯಿಂದ ಹೊರಗೆ ಬಿಡದಿದ್ದರೆ ಬದುಕಿಕೊಳ್ಳಬಹುದು. ಈ ಸುದ್ದಿ ಹೊತ್ತು ಒಬ್ಬ ಓಡಿ ಬರುತ್ತಾನೆ. ಅಷ್ಟರಲ್ಲಿ ಏಜಾಕ್ಸ್ ಕತ್ತಿ ಹಿಡಿದು ಸಮುದ್ರದ ದಡದ ಕಡೆ ಹೋಗಿಯಾಗಿತ್ತು.